ಮನೆಯವರ ಬ್ಯಾಡ್ಜಿಗೆ ಬಂದ ಡೋಸು

ನಮ್ಮ ಮನೆಯವರು ಛೀತರ್‌ಮಲ್ ಇಷ್ಟು ವರ್ಷ ಯುರೇನಿಯಂ ಇಂಧನದ ಕೆಲಸದಲ್ಲೇ ಇದ್ದರೂ ಒಂದು ದಿನವೂ ಅದನ್ನು ಮುಟ್ಟಿದವರಲ್ಲ. ರಾವತ್‌ಭಾಟಾದ ಹಳೆಯ ರಿಯಾಕ್ಟರುಗಳಲ್ಲಿ ಇಂಧನದ ಕಟ್ಟುಗಳನ್ನು ಒಳಗೆ ತಳ್ಳುವುದು ಯಂತ್ರ. ಇವರು ದಪ್ಪ ಗೋಡೆಯ ಈಚೆ ಕೂತು ಗುಂಡಿ ಒತ್ತುವವರು, ಅಷ್ಟೆ. ಆದರೆ ಹೊಸ ರಿಯಾಕ್ಟರು ಶುರುವಾಗುವ ಮುಂಚೆ ಮೊದಲ ಇಂಧನವನ್ನು ಮನುಷ್ಯರೇ ಕೈಗವಸು ತೊಟ್ಟು ಒಂದೊಂದಾಗಿ ಕೊಳವೆಗಳಿಗೆ ತುಂಬುತ್ತಾರೆ. ಒಂದು ರಿಯಾಕ್ಟರಿನ ಆಯುಷ್ಯದಲ್ಲಿ ಅದು ಒಂದೇ ಸಲ. ಬರುವ ಸೋಮವಾರ ನಮ್ಮೂರ ಹೊಸ ರಿಯಾಕ್ಟರಿಗೆ ತುಂಬುವ ತಂಡದಲ್ಲಿ ಇವರ ಹೆಸರಿತ್ತು. ಇಲ್ಲಿ ಇನ್ನೊಂದು ರಿಯಾಕ್ಟರು ಏಳುವ ಹೊತ್ತಿಗೆ ಇವರು ನಿವೃತ್ತರಾಗಿರುತ್ತಾರೆ.

ಗುರುವಾರ ನಾನು ಶಾಲೆಯಿಂದ ಬಂದಾಗ ಇವರು ಆಗಲೇ ಮನೆಯಲ್ಲಿದ್ದರು. ಬೂಟು ಬಿಚ್ಚದೆ ಕೂತಿದ್ದರು.

"ಬ್ಯಾಡ್ಜಿಗೆ ಡೋಸ್ ಬಂದಿದೆಯಂತೆ, ಸುಗನಾ," ಅಂದರು. "ವಿಚಾರಣೆ ಮುಗಿಯೋವರೆಗೆ ನಂಗೆ ಒಳಗೆ ಪ್ರವೇಶ ಇಲ್ಲ."

ಒಳಗೆ ಕೆಲಸ ಮಾಡುವವರೆಲ್ಲ ಎದೆಗೆ ಒಂದು ಬ್ಯಾಡ್ಜು ಸಿಕ್ಕಿಸಿಕೊಂಡಿರುತ್ತಾರೆ. ಮೈಗೆ ತಗುಲಿದ ವಿಕಿರಣದ, ಅಂದರೆ ಡೋಸಿನ, ಲೆಕ್ಕವನ್ನು ಅದು ಹಿಡಿದಿಡುತ್ತದೆ. ಮನೆಗೆ ಹೊರಡುವಾಗ ಗೇಟಿನಲ್ಲೇ ಬಿಟ್ಟು ಬರಬೇಕು.

"ಎಲ್ಲಿಂದ ಬಂತು?"

"ಗೊತ್ತಿಲ್ಲ," ಅಂದರು. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಕೆಂಪಾಗುತ್ತದೆ.

ಅಷ್ಟರಲ್ಲಿ ಅಡಿಗೆಮನೆಯಿಂದ ಅಮ್ಮನ ದನಿ ಬಂತು. ಶ್ರಾವಣಕ್ಕೆಂದು ಬಂದಿದ್ದಳು. ನಮ್ಮಲ್ಲಿ ಅತ್ತೆ ಅಳಿಯನಿಗೆ ಮುಖ ತೋರಿಸುವುದಿಲ್ಲ, ನೇರ ಮಾತೂ ಆಡುವುದಿಲ್ಲ. ಮಾತು ಮುಟ್ಟಿಸಲು ನಡುವೆ ಮಕ್ಕಳಿದ್ದರೆ ಮಕ್ಕಳು, ಇಲ್ಲದಿದ್ದರೆ ನೀರಿನ ಮಡಕೆ.

"ಏ ಮಡಕೆ, ಜಮಾಯಿಸಾಗೆ ಹೇಳು. ಇಷ್ಟು ದಿನ ಮುಚ್ಚಿಟ್ಟಿದ್ದು ಸಾಕು. ಸುಗನಾ ಹತ್ರ ಬಾಯಿ ಬಿಡಲಿ."

ಇವರೂ ಮಡಕೆಯ ಕಡೆಗೇ ತಿರುಗಿದರು. "ಸಾಸೂಜಿಗೆ ಹೇಳಪ್ಪ. ಅವರಿಗೆ ಮಾತು ಕೊಟ್ಟಿದೀನಿ, ಮುರಿಯಲ್ಲ."

"ಮಡಕೆ ತಗೊಂಡೋಗಿ ಒಡೆದು ಹಾಕ್ತೀನಿ," ಅಂದೆ. "ಇಬ್ಬರಲ್ಲಿ ಯಾರಾದ್ರೂ ನಂಗೆ ಹೇಳಿ."

ಅಮ್ಮ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು ಹೊರಗೆ ಬಂದಳು. "ನಿಂಗೆ ಹೇಳಿದ್ರೆ ಬೈತೀಯ."

"ಬೈತೀನಿ. ಹೇಳು."

ನಡೆದದ್ದು ಇಷ್ಟು. ನಾನು ಪರೀಕ್ಷೆಯ ಕೆಲಸಕ್ಕೆ ಹೋಗಿದ್ದ ದಿನ ಕಾಲೊನಿಯ ಹುಡುಗಿಯರ ಜೊತೆ ಅಮ್ಮ ಬೇವಿನ ಮರದ ಜೋಕಾಲಿ ಹತ್ತಿದ್ದಳು. ನಿಂತುಕೊಂಡು ಜೀಕಿದ್ದಳು. ಬಿದ್ದು ಮಣಿಕಟ್ಟು ಊದಿತು. ನನಗೆ ಹೇಳಿದ್ದು, ಬಾಗಿಲು ಬಡಿಯಿತು ಅಂತ. ಪಕ್ಕದ ಮನೆಯವರು ಗೇಟಿಗೆ ಫೋನು ಮಾಡಿದ್ದೇ ತಡ, ಇವರು ಬ್ಯಾಡ್ಜಿನ ಸಮೇತ ಓಡಿ ಬಂದಿದ್ದಾರೆ. ಕಾಲೊನಿ ಆಸ್ಪತ್ರೆಗೆ ಹೋದರೆ ಸಂಜೆಯೊಳಗೆ ನನ್ನ ಕಿವಿಗೆ ಬೀಳುತ್ತದೆಂದು ಬಜಾರಿನ ಎಕ್ಸ್‌ರೇ ಅಂಗಡಿಗೆ ಹೋಗಿದ್ದಾರೆ.

"ಕೈ ನಡುಗ್ತಿತ್ತು," ಅಂದಳು ಅಮ್ಮ. "ಎಕ್ಸ್‌ರೇಯವನು ಹಿಡ್ಕೋತೀನಿ ಅಂದ. ಪರಗಂಡಸಿನ ಕೈಗೆ ಕೊಡ್ತೀನಾ? ಆಮೇಲೆ ಜಮಾಯಿಸಾ ಹಿಡ್ಕೊಂಡ್ರು. ಎಕ್ಸ್‌ರೇ ತಡೆಯೋ ಸೀಸದ ಕೋಟು ಇದ್ದದ್ದು ಒಂದೇ, ಅದನ್ನೂ ನಂಗೇ ಹೊದಿಸಿದ್ರು. ನಾನು ಅಲ್ಲಾಡಿದೆ ಅಂತ ಮತ್ತೆ ಮತ್ತೆ ತೆಗೆದ್ರು."

"ಇದನ್ನ ಆಫೀಸಲ್ಲಿ ಹೇಳಿದ್ರೆ ಮುಗೀತಿತ್ತಲ್ಲ."

"ಹೇಳಿದ್ರೆ ಚಿತ್ರ ಕೇಳ್ತಾರೆ," ಅಂದಳು ಅಮ್ಮ, ತೀರಾ ಮೆಲ್ಲಗೆ. "ಆ ಚಿತ್ರದಲ್ಲಿ ಅವರ ಕೈನೂ ಬಂದಿದೆ. ಅಳಿಯ ಅತ್ತೆ ಕೈ ಹಿಡಿದಿದ್ದು ಊರೆಲ್ಲ ನೋಡ್ಬೇಕಾ?"

ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಮಾತ್ರ ನಗಲಿಲ್ಲ. ಒಳಗೆ ಹೋಗಿ ತನ್ನ ಪೆಟ್ಟಿಗೆಯ ತಳದಿಂದ, ಲಹಂಗಾಗಳ ಕೆಳಗಿನಿಂದ, ಎಕ್ಸ್‌ರೇ ಹಾಳೆ ತೆಗೆದಳು. "ನಡಿ," ಅಂದಳು. "ಜಮಾಯಿಸಾ ಮುಖ ಹೀಗಿದ್ರೆ ನಂಗೆ ರೊಟ್ಟಿ ಇಳಿಯಲ್ಲ."

ಆಫೀಸಿನಲ್ಲಿ ಡೋಸಿನ ಲೆಕ್ಕ ನೋಡುವ ನಫೀಸಾ ಮೇಡಂ ಮೂವರನ್ನೂ ಕೂರಿಸಿದರು. ಅಮ್ಮ ಅಳಿಯನಿಗೆ ಬೆನ್ನು ಮಾಡಿ ಕೂತು, ಮೇಜಿನ ಮೇಲಿದ್ದ ಫ್ಯಾನಿಗೆ ಎಲ್ಲವನ್ನೂ ಹೇಳಿದಳು. ಫ್ಯಾನು ತಲೆ ಅಲ್ಲಾಡಿಸುತ್ತ ಕೇಳಿತು.

ಮೇಡಂ ಹಾಳೆಯನ್ನು ಕಿಟಕಿಗೆ ಹಿಡಿದರು. ಬೆಳ್ಳಿ ಬಳೆ ಬಿಚ್ಚದ ಮುದಿ ಮಣಿಕಟ್ಟು. ಅದರ ಅಂಚಿನಲ್ಲಿ ದಪ್ಪ ಮೂಳೆಯ ಎರಡು ಬೆರಳು, ಒಂದರಲ್ಲಿ ಉಂಗುರ. ಇವರ ಕೈ ನೋಡಿದರು. ಅದೇ ಉಂಗುರ.

"ನಂಗೆ ಮೊದಲೇ ಅನುಮಾನ ಇತ್ತು," ಅಂದರು. "ಬ್ಯಾಡ್ಜಿನೊಳಗೆ ಮೂರು ಬಿಲ್ಲೆ ಇರ್ತವೆ. ಲೋಹದ ಹಿಂದಿರೋ ಬಿಲ್ಲೆಗೆ ಏನೂ ಹೆಚ್ಚಿಲ್ಲ, ಏನೂ ಮುಚ್ಚದೆ ಬಿಟ್ಟಿರೋ ಬಿಲ್ಲೆಗೇ ಎಲ್ಲ ಬಿದ್ದಿದೆ. ರಿಯಾಕ್ಟರಿನ ವಿಕಿರಣ ಲೋಹಕ್ಕೆಲ್ಲ ಹೆದರಲ್ಲ, ತೂರಿಕೊಂಡು ಹೋಗುತ್ತೆ. ಇದು ಎಕ್ಸ್‌ರೇಯದ್ದೇ. ಇವರನ್ನ ಕೇಳಿದ್ರೆ ಗೋಡೆ ನೋಡ್ತಾ ಕೂತ್ರು."

"ಹಾಗಾದ್ರೆ ಸೋಮವಾರ?" ಇವರು ಕುರ್ಚಿಯ ಅಂಚಿಗೆ ಸರಿದರು.

"ಬನ್ನಿ. ಬ್ಯಾಡ್ಜು ಮನೆಗೆ ತಗೊಂಡು ಹೋಗಿದ್ದಕ್ಕೆ ಬೈಗುಳ ಮಾತ್ರ ಇದೆ. ಅದನ್ನ ನಮ್ಮ ಸಾಹೇಬರು ಚೆನ್ನಾಗಿ ಮಾಡ್ತಾರೆ."

"ಹಾಳೆ?" ಅಂದಳು ಅಮ್ಮ ಫ್ಯಾನಿಗೆ.

ಮೇಡಂ ಅದನ್ನು ಲಕೋಟೆಗೆ ಹಾಕಿ, ಬಾಯಿ ಅಂಟಿಸಿದರು. "ನಾನು ನೋಡಿದೆ, ಸಾಕು, ಮಾಜೀ. ಇನ್ಯಾರೂ ನೋಡಬೇಕಾಗಿಲ್ಲ."

ಸೋಮವಾರ ಸಂಜೆ ಇವರು ಬಂದಾಗ ನಡಿಗೆಯೇ ಬೇರೆ ಇತ್ತು. ನಮ್ಮ ಚಿಕ್ಕವಳು ಟೀನು ಬಾಗಿಲಲ್ಲೇ ಹಿಡಿದಳು.

"ಬಿಸಿ ಇತ್ತಾ, ಪಪ್ಪಾ?"

"ತಣ್ಣಗಿತ್ತು ಮಗಳೇ. ಬೆಳಗಿನ ಜಾವದ ಕೊಡದ ಥರ."

"ಭಾರ?"

"ನಿನ್ನಷ್ಟೇ. ಆದ್ರೆ ಒದೆಯಲ್ಲ."

ನಂಬಲಾರೆ ಎಂಬಂತೆ ನೋಡಿದಳು. ಇವರು ಅವಳನ್ನು ಎರಡೂ ಕೈಯಲ್ಲಿ ಅಡ್ಡ ಎತ್ತಿಕೊಂಡು, ಉಸಿರು ಬಿಗಿ ಹಿಡಿದು, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹೋಗಿ, ಮಂಚದ ಮೇಲಿದ್ದ ರಜಾಯಿಯೊಳಗೆ ತಲೆ ಮೊದಲು ಮಾಡಿ ಮೆಲ್ಲನೆ ನೂಕಿದರು. ಇನ್ನೊಂದು ತುದಿಯಿಂದ ಅವಳ ಕೆದರಿದ ಜಡೆ ಹೊರಗೆ ಬಂತು.

"ಇನ್ನೊಂದ್ಸಲ," ಅಂದಳು.

ನಾನು ರೊಟ್ಟಿ ಆರುತ್ತಿದೆ ಎಂದು ಕರೆದೆ. ಅಪ್ಪನೂ ಬರಲಿಲ್ಲ, ಮಗಳೂ ಬರಲಿಲ್ಲ.