ನನ್ನ ಕಡೆಯ ಬ್ರೇಕು

ನಮ್ಮ ಡ್ರೈವಿಂಗ್ ಶಾಲೆಗೆ ಹೊಸದಾಗಿ ಇಬ್ಬರು ಶಿಕ್ಷಕರು ಸೇರುವವರಿದ್ದರು. ‘ಒಳ್ಳೆ ಶಿಕ್ಷಕನ ಗುಣಗಳು ಅಂತ ಒಂದು ಹಾಳೆ ಬರ್ಕೊಡಿ, ನಿಮ್ಮಷ್ಟು ಅನುಭವ ಇನ್ಯಾರಿಗಿದೆ?’ ಎಂದು ಮಾಲೀಕರು ಉಬ್ಬಿಸಿದರು. ನಾನೋ, ಹೊಗಳಿದರೆ ಸಾಕು, ಏಣಿಯಿಲ್ಲದೆ ಅಟ್ಟ ಹತ್ತುವ ಗಿರಾಕಿ. ‘ಮೊದಲನೆಯ ಗುಣ: ಎಚ್ಚರದ ಕಾಲು’ ಎಂದು ಬರೆದೇಬಿಟ್ಟೆ. ಕಲಿಸುವ ಕಾರಿನಲ್ಲಿ ಶಿಕ್ಷಕನ ಕಾಲಡಿಯೂ ಒಂದು ಬ್ರೇಕು ಇರುತ್ತದಲ್ಲ, ಹದಿನೆಂಟು ವರ್ಷಗಳಲ್ಲಿ ಅದರ ರಬ್ಬರನ್ನು ನಾಲ್ಕು ಸಲ ಸವೆಸಿದ ಕಾಲು ನನ್ನದು.

ಅದೇ ಹೊತ್ತಿಗೆ ನನ್ನ ಅಕ್ಕ ಎರಡನೆಯ ಸಲ ನಪಾಸಾಗಿ ಬಂದಳು. ಕಲಿಸಿದವನು ನಾನೇ.

ಅಕ್ಕನಿಗೆ ಐವತ್ತೆರಡು. ಲಾಂಡ್ರಿಯಲ್ಲಿ ನಿಂತೇ ಇಸ್ತ್ರಿ ಮಾಡಿ ಮಾಡಿ ಮಂಡಿ ಸೋತಿದೆ. ವ್ಯಾನಿನಲ್ಲಿ ಬಟ್ಟೆ ತಲುಪಿಸುವ ಕೆಲಸ ಕೊಡುತ್ತೇವೆ, ಆದರೆ ಶುಕ್ರವಾರದೊಳಗೆ ಲೈಸೆನ್ಸ್ ತರಬೇಕು, ಇಲ್ಲದಿದ್ದರೆ ಮನೆಯಲ್ಲೇ ಇರಿ ಎಂದಿದ್ದರು ಲಾಂಡ್ರಿಯವರು.

‘ನಿಲ್ಲಿಸೋ ಗೆರೆ ಹತ್ರ ಬಂತು, ಪಕ್ಕದಲ್ಲಿ ಕೂತ ಅಧಿಕಾರಿ ಬ್ರೇಕು ಒತ್ತಲೇ ಇಲ್ಲ ಕಣೋ,’ ಅಂದಳು ಅಕ್ಕ.

‘ಅವರ್ಯಾಕೆ ಒತ್ತಬೇಕು? ನೀನು ಒತ್ತಬೇಕು!’

‘ನೀನು ಒತ್ತುತೀಯಲ್ಲ.’

ನನಗೆ ಪಿತ್ತ ನೆತ್ತಿಗೇರಿತು. ‘ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ನಾನು ಒತ್ತದೇ ಇದ್ದಿದ್ರೆ ನೀನು ಇಷ್ಟೊತ್ತಿಗೆ ಔಷಧಿ ಅಂಗಡಿ ಒಳಗಿರ್ತಿದ್ದೆ, ಕಾರಿನ ಸಮೇತ!’

ಅಕ್ಕ ಸುಮ್ಮನಾದಳು. ಅವಳು ಸುಮ್ಮನಾದರೆ ಹೆದರಬೇಕೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಹೆದರಲಿಲ್ಲ, ನನ್ನ ಬುದ್ಧಿಯೇ ಅಷ್ಟು.

ಸೋಮವಾರದಿಂದ ಮತ್ತೆ ಪಾಠ. ಆ ಮೂರು ದಿನ ನನ್ನ ಕಾಲಿನ ಕೈಚಳಕ ನೀವು ನೋಡಬೇಕಿತ್ತು! ಒತ್ತಿದಲ್ಲೆಲ್ಲ ಕಾರು ಹೂವೆತ್ತಿಟ್ಟ ಹಾಗೆ ನಿಂತಿತು. ಆಸ್ಪತ್ರೆಯ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದಾಗಲಂತೂ ಕೂದಲೆಳೆಯಲ್ಲಿ ಉಳಿಸಿದೆ.

‘ನೋಡಿದ್ಯಾ? ಇದಕ್ಕೇ ಅನುಭವ ಅನ್ನೋದು.’

‘ಹೌದಪ್ಪಾ, ನೀನಿಲ್ಲದಿದ್ರೆ ನನ್ನ ಗತಿ ಏನು,’ ಅಂದಳು.

ಮನೆಗೆ ಬಂದು ಹಾಳೆಗೆ ಇನ್ನೆರಡು ಗುಣ ಸೇರಿಸಿದೆ: ಸಮಯಪ್ರಜ್ಞೆ, ವಿನಯ.

ಗುರುವಾರ ಪರೀಕ್ಷೆ. ಅಕ್ಕ ಕಾರಿನಿಂದ ಇಳಿದ ಠೀವಿಯಲ್ಲೇ ಗೊತ್ತಾಯಿತು, ಪಾಸು! ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ‘ಅಂತೂ ನನ್ನ ಕಾಲು ನಿನ್ನನ್ನ ದಡ ಸೇರಿಸ್ತು ನೋಡು.’

ಅಕ್ಕ ಕೈಚೀಲದಿಂದ ಜಿಡ್ಡು ಹತ್ತಿದ ಒಂದು ಪಿನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ನನ್ನ ಕಡೆಯ ಪೆಡಲನ್ನು ಬ್ರೇಕಿನ ತಂತಿಗೆ ಜೋಡಿಸುವ ಪಿನ್ನು.

‘ಸೋಮವಾರ ಪಾಠಕ್ಕೆ ಮುಂಚೆನೇ ಮೆಕ್ಯಾನಿಕ್ ಕೈಲಿ ತೆಗೆಸಿದ್ದೆ. ಸ್ಪ್ರಿಂಗ್ ಮಾತ್ರ ಇರಲಿ ಅಂದೆ, ನಿನ್ನ ಕಾಲಿಗೆ ಬೇಜಾರಾಗಬಾರ್ದು ಅಂತ.’

‘ಹಾಗಾದ್ರೆ... ಆ ಸೈಕಲ್ಲಿನವನು?’

‘ನಾನೇ ನಿಲ್ಲಿಸಿದ್ದು ಕಣೋ.’

ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡಿದ್ದ ಅಜ್ಜಿಗೆ ಕೊನೇಪಕ್ಷ ಒಂದು ಕೋಳಿಯಾದರೂ ಇತ್ತು. ನನ್ನ ಹತ್ತಿರ ಕಲಿತು ನಪಾಸಾದವರನ್ನೆಲ್ಲ ದಡ್ಡರು ಅಂದಿದ್ದೆನಲ್ಲ, ಒಬ್ಬೊಬ್ಬರ ಮುಖವೂ ನೆನಪಾಗಿ ನಾಚಿಕೆಯಾಯಿತು.

‘ಮೊದಲೇ ಹೇಳೋದಲ್ವಾ ಅಕ್ಕಾ?’

‘ಹೇಳಿದ್ರೆ ನನ್ನ ಪಕ್ಕ ಕೂರ್ತಿದ್ಯಾ ನೀನು?’

ಕೂರುತ್ತಿರಲಿಲ್ಲ. ಅದು ಅವಳಿಗೂ ಗೊತ್ತು.

ಹಾಳೆಯ ಗುಣಗಳನ್ನೆಲ್ಲ ಹೊಡೆದುಹಾಕಿ, ‘ಕಾಲು ಮಡಚಿಟ್ಟುಕೊಂಡು ಕೂರುವುದು’ ಎಂದಷ್ಟೇ ಬರೆದುಕೊಟ್ಟೆ. ಪಿನ್ನನ್ನು ಮತ್ತೆ ಹಾಕಿಸಿದ್ದೇನೆ, ಇಲ್ಲದಿದ್ದರೆ ಕಾನೂನಿನ ಪ್ರಕಾರ ತಪ್ಪಾಗುತ್ತದೆ. ನಿನ್ನೆ ಪಾಠದ ನಡುವೆ ಸಿಗ್ನಲ್ಲಿನಲ್ಲಿ ಲಾಂಡ್ರಿಯ ವ್ಯಾನೊಂದು ಪಕ್ಕಕ್ಕೆ ಬಂದು ಹೂವೆತ್ತಿಟ್ಟ ಹಾಗೆ ನಿಂತಿತು. ಅಕ್ಕ ಕಿಟಕಿಯಿಂದ ಬಗ್ಗಿದಳು. ಮೊದಲು ನೋಡಿದ್ದು ನನ್ನ ಕಾಲನ್ನು.