ಸುಡಾನಿಗೆ ಒಂದು ಚೀಲ ಚಟ್ಲಿ

"ಹ್ವಾಯ್ ಪುಷ್ಪಕ್ಕ, ಅಲ್ಲೇ ನಿಲ್ಲಿ. ಚೀಲದೊಳ್ಗ್ ಎಂತ ಇತ್ತ್?"

ದೇವಸ್ಥಾನದ ಸಭಾಭವನದ ಮೆಟ್ಟಿಲ ಮೇಲೆ ಸಂಘದ ಕಾರ್ಯದರ್ಶಿ ರವಿರಾಜ್ ಕೈ ಅಡ್ಡ ಹಿಡಿದಿದ್ದ. ಒಳಗೆ ಸುಡಾನಿನ ಹಸಿದವರಿಗಾಗಿ ನೆರವು ಸಂಗ್ರಹ ನಡೆದಿತ್ತು. ಪರದೆಯ ಮೇಲೆ ಪಕ್ಕೆಲುಬು ಎಣಿಸಬಹುದಾದ ಮಕ್ಕಳು. ಶ್ರೀಲತಾ ಟೀಚರ್ ಮೈಕಿನಲ್ಲಿ ಮಾತಾಡುತ್ತ ಎರಡು ಸಲ ಕಣ್ಣೊರೆಸಿಕೊಂಡಿದ್ದರು.

"ಒಣ ಚಟ್ಲಿ. ಆ ಮಕ್ಳಿಗೆ," ಎಂದಳು ಪುಷ್ಪ. "ಹತ್ತ್ ಕೆಜಿ ಇತ್ತ್. ಹಡಗಲ್ ತಿಂಗ್ಳ್ ಇದ್ರೂ ಹಾಳಾತಿಲ್ಲೆ."

ಮೇ ತಿಂಗಳಿಡೀ ಮರವಂತೆಯ ಮರಳಲ್ಲಿ ಕಾಗೆ ಓಡಿಸುತ್ತ ಅವಳೇ ಒಣಗಿಸಿದ ಸೀಗಡಿ ಅದು. ಮಳೆಗಾಲದಲ್ಲಿ ದೋಣಿ ಇಳಿಯದ ಎರಡು ತಿಂಗಳು ಮನೆಯ ಗಂಜಿಗೆ ಅದೇ ಜೊತೆ. ಬೆಳಿಗ್ಗೆ ಅವಳು ಚೀಲ ಕಟ್ಟುವುದನ್ನು ಕಂಡು ಗಂಡ ಬಚ್ಚ ಗಂಜಿಯ ಬಟ್ಟಲು ಸರಿಸಿ ಎದ್ದು ಹೋಗಿದ್ದ. ಮೂರು ವರ್ಷದ ಹಿಂದೆ ಕಡಲು ಅಡುಗೆಕೋಣೆಯನ್ನು ಎಳೆದುಕೊಂಡು ಹೋದಾಗ ಒಂಬತ್ತು ದಿನ ಶಾಲೆಯ ಜಗಲಿಯಲ್ಲಿ ಮಲಗಿ, ಯಾರೋ ಕಳಿಸಿದ ಅಕ್ಕಿಯಲ್ಲಿ ಉಂಡಿದ್ದರು. ಕಳಿಸಿದವರ ಮುಖ ಇವತ್ತಿಗೂ ಅವಳಿಗೆ ಗೊತ್ತಿಲ್ಲ.

"ದೇವಸ್ಥಾನದ್ ಅಂಗ್ಳಕ್ಕ್ ಮೀನಾ ಮಾರಾಯ್ತಿ? ಮತ್ತ್ ಸುಡಾನಿಗ್ ಹೋಪ್ದ್ ದುಡ್ಡ್ ಮಾತ್ರ. ಚಟ್ಲಿ ಯಾರ್ ಹೊತ್ಕಂಡ್ ಹೋತ್ರ್?"

"ನಿನ್ನೆ ರಿಕ್ಷಾಕ್ಕ್ ಮೈಕ್ ಕಟ್ಕಂಡ್ ಕೂಗಿದ್ರಿ ಅಲ್ದಾ, ಯಾರ್ ಎಂತ ಕೊಟ್ರೂ ಅಕ್ಕ್ ಅಂದೇಳಿ."

"ಹಾಂಗಂದ್ರೆ ಮೀನಾ? ಗೇಟಿನ್ ಹೊರ್ಗ್ ಕೂತ್ ಮಾರಿ, ದುಡ್ಡ್ ತಂದ್ ಕೊಡಿ." ಅವನು ದನಿ ತಗ್ಗಿಸಿದ. "ನಮ್ಮನಿಗೂ ಒಂದ್ ಕೆಜಿ ಇಡಿ. ಚಟ್ಲಿ ಚಟ್ನಿ ಇಲ್ದಿರೆ ನಂಗ್ ಗಂಜಿ ಇಳಿತಿಲ್ಲೆ."

ಪಕ್ಕದ ಅಂಗಡಿಯ ತಕ್ಕಡಿ ತಂದು ಪುಷ್ಪ ಗೇಟಿನ ಹೊರಗೆ ಕುಳಿತಳು. ಕಾರ್ಯಕ್ರಮ ಮುಗಿದು ಜನ ಹೊರಬಂದರು. ಮೊದಲು ಬಗ್ಗಿದವರು ಶ್ರೀಲತಾ ಟೀಚರ್. ಕಣ್ಣು ಇನ್ನೂ ಕೆಂಪಗಿತ್ತು.

"ಕೆಜಿಗ್ ಆರ್‌ನೂರಾ? ಗಂಗೊಳ್ಳಿಲ್ ನಾಲ್ಕ್‌ನೂರಕ್ಕ್ ಸಿಕ್ಕತ್ತ್."

"ಇದ್ ನಂಗಲ್ಲ ಟೀಚರೆ. ನೀವೀಗ ತೋರ್ಸಿದ್ರಿ ಅಲ್ದಾ, ಆ ಮಕ್ಳಿಗೆ."

"ಅದಕ್ಕ್ ನಾ ಒಳ್ಗ್ ಕೊಟ್ಟಾಯ್ತ್. ಇದ್ ಯಾಪಾರ." ಟೀಚರ್ ಒಂದು ಹಿಡಿ ಎತ್ತಿ, ಮರಳು ಕೊಡವಿ, ಮೂಸಿದರು. "ಅರ್ಧ ಹೊಯ್ಗಿಯೇ ಇತ್ತ್ ಕಾಣಿ. ಮುನ್ನೂರೈವತ್ತಕ್ಕ್ ಕೊಡಿ. ಒಂದ್ ಹಿಡಿ ಹೆಚ್ಗಿ ಹಾಕಿ."

ಹಿಂದೆ ನಿಂತವರು ನಕ್ಕರು.

ಬೇರೆ ದಿನವಾಗಿದ್ದರೆ ಪುಷ್ಪ ಆ ಹಿಡಿಯನ್ನು ಕಸಿದುಕೊಂಡು, ಟೀಚರ್ ಮತ್ತೆ ಮೀನು ಮಾರ್ಕೆಟ್ಟಿನ ಕಡೆ ತಲೆ ಹಾಕದಂತೆ ಬೈದು ಕಳಿಸುತ್ತಿದ್ದಳು. ತಾನು ಎದ್ದು ಹೋದರೆ ಟೀಚರಿಗೇನೂ ನಷ್ಟವಿಲ್ಲ, ರವಿರಾಜನಿಗೂ ಇಲ್ಲ. ತೂಗಿದಳು. ಮೇಲೆ ಒಂದು ಹಿಡಿ ಹಾಕಿದಳು. ಆಮೇಲೆ ಬಂದವರೆಲ್ಲ ಅದೇ ದರ ಹಿಡಿದರು, ಅದೇ ಹಿಡಿಯನ್ನೂ ಕೇಳಿದರು. ರವಿರಾಜ್ ತನ್ನ ಪಾಲನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಸಿಕೊಂಡು, ದುಡ್ಡು ಆಮೇಲೆ ಎಂದ.

ಚೀಲ ಖಾಲಿಯಾಗುವಾಗ ಒಳಗೆ ಊಟಕ್ಕೆ ಎಲೆ ಹಾಕಿದ್ದರು. ಪುಷ್ಪ ನಲ್ಲಿಯಲ್ಲಿ ಕೈ ತೊಳೆದು, ಮೆಟ್ಟಿಲ ಕೆಳಗಿನಿಂದಲೇ ನೋಟುಗಳನ್ನು ನೀಡಿದಳು. ರವಿರಾಜ್ ತೆಗೆದುಕೊಂಡು ಮೂಗು ಮುರಿದ.

"ಡಬ್ಬಿ ದೇವ್ರ್ ಎದ್ರಿಗ್ ಇತ್ತ್ ಪುಷ್ಪಕ್ಕ. ಇದನ್ನ ಹೀಂಗೇ ಹಾಕುಕ್ ಆತಿಲ್ಲೆ. ಸ್ವಲ್ಪ ಬಿಸ್ಲ್ ಕಾಯ್ಲಿ, ವಾಸ್ನಿ ಹೋಯ್ಲಿ."

ಅವನು ಕಂಪೌಂಡ್ ಗೋಡೆಯ ಮೇಲೆ ನೋಟುಗಳನ್ನು ಬಿಡಿಸಿಟ್ಟು, ಒಂದೊಂದಕ್ಕೂ ಒಂದು ಕಲ್ಲು ಹೇರಿ ಊಟಕ್ಕೆ ಹೋದ.

ಕಡಲ ಕಡೆಯಿಂದ ಗಾಳಿ ಏಳುತ್ತಿತ್ತು. ನೋಟುಗಳ ಅಂಚು ಪಟಪಟನೆ ಬಡಿಯತೊಡಗಿತು. ಪುಷ್ಪ ತಲೆಗೆ ಸೆರಗು ಹೊದ್ದು, ಗೋಡೆಯ ಬುಡದಲ್ಲಿ ಬಿಸಿಲಿಗೇ ಕುಳಿತು, ತೆಂಗಿನ ಮರದ ಕಾಗೆಗಳ ಮೇಲೆ ಕಣ್ಣಿಟ್ಟಳು.