ಬೆಳ್ಳಗೆ ತೊಳೆದ ಸ್ಪಂಜು

ನಾಲ್ಕನೆಯ ಮೀನನ್ನು ಮಗಳು ಟೀ ಸೋಸುವ ಜಾಲರಿಯಲ್ಲಿ ಎತ್ತಿ, ಯಾರೂ ನೋಡುವ ಮೊದಲೇ ಹಳೆ ಪೇಪರಿನಲ್ಲಿ ಸುತ್ತಿಬಿಡಬೇಕೆಂದಿದ್ದಳು. ಆದರೆ ಸಾವಿನ ಮನೆಯಲ್ಲಿ ಯಾರ ಕಣ್ಣೂ ಸುಮ್ಮನಿರುವುದಿಲ್ಲ. ನಡುಮನೆಯಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವನ ತಲೆಯ ಕಡೆ ಗೋಡೆಗೆ ತಾಗಿಕೊಂಡು ಅವನ ಗಾಜಿನ ತೊಟ್ಟಿ. ಸುತ್ತ ಕೂತವರಿಗೆ ಹೆಣದ ಮುಖವನ್ನು ಎಷ್ಟು ಹೊತ್ತು ನೋಡುವುದೆಂದು ತಿಳಿಯದೆ ಎಲ್ಲರ ದೃಷ್ಟಿಯೂ ಮೀನುಗಳ ಮೇಲೆಯೇ ಇತ್ತು.

"ನೋಡಿ, ಇನ್ನೊಂದು ಹೋಯ್ತು," ಎಂದಳು ಅತ್ತೆ, ಅಪ್ಪನ ತಂಗಿ. "ಅಣ್ಣ ಕಣ್ಣು ಮುಚ್ಚಿದ್ದೇ ತಡ, ಮೂಕ ಪ್ರಾಣಿಗಳೂ ಜೀವ ಬಿಡ್ತಿವೆ. ಹೆತ್ತ ಮಕ್ಕಳಾದ್ರೂ ಮಾರನೇ ದಿನ ಹೊಟ್ಟೆ ತುಂಬ ಉಣ್ತಾರೆ."

"ಋಣಾನುಬಂಧ," ಎಂದರು ಕೆಳಮನೆಯ ಮೇಷ್ಟ್ರು.

ಮೊದಲ ಮೀನು ಬುಧವಾರವೇ ಸತ್ತಿತ್ತು, ಅಪ್ಪ ಆಸ್ಪತ್ರೆಯಲ್ಲಿ ಬದುಕಿದ್ದಾಗಲೇ. ಅದನ್ನು ಹೇಳಿದರೆ ಅಷ್ಟು ಚೆಂದದ ಮಾತು ಕೆಡುತ್ತದೆಂದು ಮಗಳು ಬಾಯಿ ಬಿಡಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು. ಆಂಬುಲೆನ್ಸ್ ಹತ್ತುವಾಗ ಅಪ್ಪ ಕೇಳಿಕೊಂಡಿದ್ದು ಒಂದೇ: "ಮೀನು ನೋಡ್ಕೋ." ಏಳರಲ್ಲಿ ಈಗ ಮೂರೇ ಉಳಿದಿದ್ದವು. ಬಾಲದ ಬುಡದಲ್ಲಿ ಕಪ್ಪು ಚುಕ್ಕೆಯಿದ್ದ, ಅಪ್ಪನ ಮುದ್ದಿನ ಮೀನು ಅವಳ ಕೈಯಲ್ಲಿದ್ದ ಪೇಪರಿನೊಳಗಿತ್ತು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಫಿಲ್ಟರು ಗುಳುಗುಳು ಎನ್ನುತ್ತಿತ್ತು. ಆದರೂ ಉಳಿದವು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಯಾಕೆಂದು ಯಾರನ್ನು ಕೇಳುವುದು? ಕೇಳಬೇಕಾದವನು ಅಲ್ಲಿ ಮಲಗಿದ್ದ.

ಇಪ್ಪತ್ತೊಂಬತ್ತು ವರ್ಷ ಒಂದೇ ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸಿದವನು ಅಪ್ಪ. "ಏಳುಬೀಳು ಎಲ್ಲರಿಗೂ ಇದ್ದದ್ದೇ, ನನಗೆ ಅದಕ್ಕೆ ಸಂಬಳ ಕೊಡ್ತಾರೆ" ಎನ್ನುವುದು ಅವನ ಒಂದೇ ಒಂದು ಜೋಕು. ಆ ಕಟ್ಟಡದ ಬಾಗಿಲಲ್ಲಿದ್ದ ದೊಡ್ಡ ಮೀನಿನ ತೊಟ್ಟಿಯ ಫಿಲ್ಟರನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಯಾರೂ ಹೇಳಿರಲಿಲ್ಲ, ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ.

* * *

ಅವಳಿಗಾಗ ಹನ್ನೊಂದು ವರ್ಷ. ಅಪ್ಪ ಡ್ಯೂಟಿಯಿಂದ ಬರುವಷ್ಟರಲ್ಲಿ ಮನೆಯ ತೊಟ್ಟಿಯ ಫಿಲ್ಟರನ್ನು ಬಿಚ್ಚಿ, ಕಂದು ಲೋಳೆ ಹಿಡಿದಿದ್ದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಕೈ ನೋಯುವ ತನಕ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದಳು. ಅಪ್ಪ ಬಂದ, ನೋಡಿದ, ಬೆಳ್ಳಗಾದ ಸ್ಪಂಜನ್ನು ಬೆರಳಿಂದ ಒತ್ತಿದ. ಆಮೇಲೆ, "ಭಲೇ! ನನ್ನ ಕೈಯಲ್ಲಿ ಇಷ್ಟು ವರ್ಷ ಆಗದ ಕೆಲಸ," ಎಂದ.

ಆಗಲೂ ಇಂಥದೇ ಚುಕ್ಕೆಯ ಮೀನೊಂದಿತ್ತು; ಆ ವಾರವೇ ಅದರ ಚುಕ್ಕೆ ಮಾಯವಾಗಿತ್ತು. "ಅಷ್ಟು ಚೆನ್ನಾಗಿ ತೊಳೆದಿದ್ದೀಯಲ್ಲ, ಅದೂ ಹೋಯ್ತು," ಎಂದಿದ್ದ ಅಪ್ಪ. ಅವಳು ನಂಬಿದ್ದಳು.

ಅಂದಿನಿಂದ ಫಿಲ್ಟರಿನ ಕೆಲಸಕ್ಕೆ ಅವಳು ಬಕೆಟ್ ಹಿಡಿಯುವುದಷ್ಟೇ. ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು, ಸ್ಪಂಜನ್ನು ಅದರಲ್ಲಿ ಮೂರೇ ಸಲ ಹಿಂಡಿ ಅಪ್ಪ ಮತ್ತೆ ಕೂರಿಸುತ್ತಿದ್ದ. ಮನೆಗೆ ಬಂದವರ ಮುಂದೆಲ್ಲ ಅವಳು ರೇಗಿಸುತ್ತಿದ್ದಳು: "ಅಪ್ಪಂದು ಕಾಗೆ ಸ್ನಾನ. ನಾನು ಒಂದ್ಸಲ ಬೆಳ್ಳಗೆ ತೊಳೆದಿದ್ದೆ, ಒಂದು ಮೀನಿಗೂ ಏನೂ ಆಗಿಲ್ಲ." ಅಪ್ಪ ತಲೆ ತಗ್ಗಿಸಿ ನಗುತ್ತಿದ್ದ.

ಕಳೆದ ಸೋಮವಾರ ಅವಳು ಎರಡನೆಯ ಸಲ ತೊಳೆದಳು. ಆಸ್ಪತ್ರೆಗೆ ಹೋಗಿ ಸಂಭ್ರಮದಿಂದ ಹೇಳಿದಳು.

"ಯಾವ ನೀರಲ್ಲಿ?" ಎಂದ ಅಪ್ಪ, ಮೂಗಿನ ನಳಿಕೆಯ ಹಿಂದಿನಿಂದ.

"ನಲ್ಲಿ ನೀರಲ್ಲಿ, ಆವತ್ತಿನ ಹಾಗೇ."

ಅಪ್ಪ ಅವಳ ಕೈ ತಟ್ಟಿದ. "ಒಳ್ಳೇದಾಯ್ತು ಬಿಡು," ಎಂದ. ಆಮೇಲೆ, "ಮೀನಿನ ಅಂಗಡಿಯವನಿಗೆ ಒಂದು ಫೋನ್ ಮಾಡು. ಬೇಗ ಬಂದು ಹೋಗು ಅನ್ನು."

ಹಳೆಯ ಗೆಳೆಯನನ್ನು ನೋಡುವ ಆಸೆ ಎಂದುಕೊಂಡಳು. ಔಷಧಿ, ಡಾಕ್ಟರು, ರಜೆಯ ಗಡಿಬಿಡಿಯಲ್ಲಿ ಫೋನು ಮಾಡಿದ್ದು ಗುರುವಾರ ಬೆಳಿಗ್ಗೆ. ಆ ಸಂಜೆ ಅಪ್ಪ ಹೋಗಿಬಿಟ್ಟ.

* * *

ಹತ್ತು ಗಂಟೆಗೆ ಬಣ್ಣದ ಮೀನು ಮಾರುವ ಅಂಗಡಿಯವರು ಬಂದರು. ಬಗಲಲ್ಲಿ ಏನನ್ನೋ ಟವೆಲ್ಲಿನಿಂದ ಮುಚ್ಚಿಕೊಂಡಿದ್ದರು. ಗೆಳೆಯನ ಕಾಲ ಬಳಿ ನಿಂತು ಕಣ್ಣೊರೆಸಿಕೊಂಡರೂ ಆ ಕೈ ಮಾತ್ರ ಸಡಿಲಿಸಲಿಲ್ಲ. ಆಮೇಲೆ ಜನರನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಮತ್ತೆ ಜನರನ್ನು ನೋಡಿದರು.

ಮಗಳು ಅವರನ್ನು ಅಡುಗೆಮನೆಗೆ ಕರೆದಳು. "ಏನದು ಅಂಕಲ್?"

ಅವರು ಟವೆಲ್ ಸರಿಸಿದರು. ಗಾಳಿ ತುಂಬಿ ಬಿಗಿದಿದ್ದ ಪ್ಲಾಸ್ಟಿಕ್ ಚೀಲ. ಒಳಗೆ ಏಳು ಕಿತ್ತಳೆ ಮೀನು.

"ನಿನಗೆ ಕಾಣದ ಹಾಗೆ ಬಿಟ್ಟು ಬಾ ಅಂದಿದ್ದ. ಇಷ್ಟು ಜನರ ಮಧ್ಯೆ ಹೇಗಮ್ಮಾ ಬಿಡಲಿ?"

"ಯಾರು ಅಂದಿದ್ದು?"

"ನಿಮ್ಮಪ್ಪ. ನಿನ್ನೆ ಮಧ್ಯಾಹ್ನ, ಆಸ್ಪತ್ರೇಲಿ. 'ಮತ್ತೆ ತೊಳೆದಿದ್ದಾಳೆ ಮಾರಾಯ, ಅದೇ ಬಣ್ಣದ ಏಳು ಬೇಕು' ಅಂದ."

ಮತ್ತೆ ಎಂಬ ಮಾತು ಅವಳಿಗೆ ಚುಚ್ಚಿತು. "ಆವತ್ತು ಒಂದೂ ಸತ್ತಿರಲಿಲ್ಲ," ಎಂದಳು. ಅವರು ಚೀಲದ ಮೇಲೆ ಮತ್ತೆ ಟವೆಲ್ ಎಳೆದರು.

"ಅಂಕಲ್, ನಿಜ ಹೇಳಿ."

"ಎಲ್ಲವೂ ಸತ್ತವು ಕಣಮ್ಮಾ. ಆ ಕಂದು ಲೋಳೇಲಿ ಕಣ್ಣಿಗೆ ಕಾಣದ ಜೀವ ಇರ್ತಾವೆ. ಮೀನಿನ ಹೊಲಸು ವಿಷ ಆಗದ ಹಾಗೆ ಕಾಯೋದು ಅವೇ. ನಲ್ಲಿ ನೀರಿಗೆ ಹಾಕೋ ಕ್ಲೋರಿನ್ ಔಷಧಿ ತಾಗಿದ್ರೆ ಅವು ಮೊದಲು ಸಾಯ್ತಾವೆ, ಮೀನು ಆಮೇಲೆ. ದಿನಾ ನೀನು ಏಳೋ ಮೊದಲು ನನ್ನ ಮನೆ ಬಾಗಿಲು ಬಡಿದು ಒಂದೊಂದು ಒಯ್ತಿದ್ದ. ಚುಕ್ಕೆ ಇರೋದು ಸಿಗಲಿಲ್ಲ ಅಂತ ಒದ್ದಾಡಿದ್ದ. ಹೇಳಿಬಿಡಬಾರದಾ ಅಂದೆ. 'ಅಷ್ಟು ಖುಷಿಯಿಂದ ಮಾಡಿದಾಳೆ, ಹೇಗೆ ಹೇಳೋದು' ಅಂದ."

ಅವಳು ಸಿಂಕಿನ ಅಂಚು ಹಿಡಿದು ನಿಂತಳು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಡಂಗುರ ಸಾರಿದ್ದಳು. ಇಪ್ಪತ್ತೆರಡು ವರ್ಷ ಅಪ್ಪ ತಲೆ ತಗ್ಗಿಸಿ ನಕ್ಕಿದ್ದ. ಸೋಮವಾರವೇ ಫೋನು ಮಾಡಿದ್ದರೆ, ಎಂದುಕೊಂಡಾಗ ಅಳು ಒತ್ತರಿಸಿ ಬಂತು.

"ಇವನ್ನ ಬಿಡಲಾ ಈಗ?" ಎಂದಳು ಕೊನೆಗೆ.

"ಬಿಟ್ರೆ ಇವೂ ಸಾಯ್ತಾವೆ. ಮೊದಲು ಆ ಜೀವ ಬರಬೇಕು. ಆಗ ಅವನು ಆಫೀಸಿನ ತೊಟ್ಟಿಯ ಸ್ಪಂಜು ತಂದು ಹಿಂಡಿದ್ದ."

ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ.

* * *

ಎಲ್ಲ ಮುಗಿಸಿ ಬರುವಾಗ ಅವಳು ಅಪ್ಪನ ಹಳೆ ಆಫೀಸು ಕಟ್ಟಡದ ಮುಂದೆ ಇಳಿದಳು. ಈಗಿನ ಲಿಫ್ಟಿನವನು ವಿಷಯ ಕೇಳಿ, ಫಿಲ್ಟರು ಬಿಚ್ಚಿ, ಅರ್ಧ ಸ್ಪಂಜನ್ನು ಅದರದೇ ನೀರಿನೊಂದಿಗೆ ಡಬ್ಬಿಗೆ ಹಾಕಿಕೊಟ್ಟ. "ಹೋದ ಶನಿವಾರ ಅವರೇ ಹಿಂಡಿಟ್ಟಿದ್ದು ಮೇಡಂ. ಆಮೇಲೆ ಯಾರೂ ಮುಟ್ಟಿಲ್ಲ."

ಮನೆಯಲ್ಲಿ ಒಂದೇ ಮೀನು ಉಳಿದಿತ್ತು. ಅಂಗಡಿಯವರು ಅಷ್ಟರಲ್ಲಿ ಅರ್ಧ ನೀರು ತೆಗೆದು, ಕ್ಲೋರಿನ್ ಹಾರಿಹೋಗಲೆಂದು ಅಪ್ಪ ಬಚ್ಚಲಲ್ಲಿ ಹಿಡಿದಿಟ್ಟಿದ್ದ ಹಳೆ ನೀರನ್ನು ತುಂಬಿದ್ದರು. ಮಗಳು ತೋಳು ಮಡಿಸಿ ಸ್ಪಂಜನ್ನು ತೊಟ್ಟಿಯೊಳಗೆ ಹಿಡಿದು ಒಮ್ಮೆ ಹಿಂಡಿದಳು.

"ಅಯ್ಯೋ, ಕನ್ನಡಿ ಹಾಗಿದ್ದ ನೀರಿಗೆ ಹೊಲಸು ಹಿಂಡ್ತಿದ್ದೀಯಲ್ಲೇ!" ಎಂದಳು ಅತ್ತೆ. "ಅಣ್ಣ ಇದ್ದಿದ್ರೆ ಎಷ್ಟು ನೊಂದುಕೊಳ್ತಿದ್ದ!"

ಅವಳು ಎರಡನೆಯ ಸಲ ಹಿಂಡಿದಳು. ಮೂರನೆಯ ಸಲ ಹಿಂಡಿದಳು. ಕಂದು ನೀರು ಗಾಜಿನ ತುಂಬ ಹರಡಿ, ಉಳಿದಿದ್ದ ಒಂದು ಮೀನೂ ಕಾಣದಾಯಿತು. ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಚೀಲದಲ್ಲಿ ಅಪ್ಪ ತರಿಸಿದ ಏಳು ಮೀನುಗಳು ಕಾಯುತ್ತಿದ್ದವು. ಅದರಲ್ಲೊಂದು ಮೆಲ್ಲಗೆ ತಿರುಗಿದಾಗ ಬಾಲದ ಬುಡದ ಕಪ್ಪು ಚುಕ್ಕೆ ಕಾಣಿಸಿತು.